ಎಪ್ಪತ್ತು ಮೀಟರ್ ಮೇಲಿನ ಎದೆನೋವು

ಸಾಯುವ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಕೋರ್ಟು ಕಚೇರಿಗಳೂ ಒಪ್ಪುತ್ತವೆ. ಆದರೆ ಇರುವ ಸತ್ಯವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಸಾಯದೇ ಉಳಿದುಬಿಟ್ಟರೆ ಆ ಮನುಷ್ಯ ಮುಖ ಎಲ್ಲಿಟ್ಟುಕೊಳ್ಳಬೇಕು ಎಂದು ಯಾವ ಕೋರ್ಟೂ ಇದುವರೆಗೆ ತೀರ್ಪು ಕೊಟ್ಟಿಲ್ಲ. ನಮ್ಮ ಮೇಲ್ಮನೆಯವರಿಗೆ ಬಂದದ್ದು ಅದೇ ಪಜೀತಿ.

ಮೇಲ್ಮನೆ ಅಂದರೆ ಶಾಸನಸಭೆಯದ್ದೇನೂ ಅಲ್ಲ, ಗಾಬರಿಯಾಗಬೇಡಿ. ನದಿಗೆ ದೊಡ್ಡ ಸೇತುವೆ ಕಟ್ಟುತ್ತಿದ್ದ ಒಂದು ಕಂಪನಿಯಲ್ಲಿ ಇವರು ಕ್ರೇನ್ ಆಪರೇಟರು. ನೆಲದಿಂದ ಎಪ್ಪತ್ತು ಮೀಟರ್ ಎತ್ತರದ ಗಾಜಿನ ಕ್ಯಾಬಿನ್ನಿನಲ್ಲಿ ಇವರ ವಾಸ. ಅದಕ್ಕೇ ಸೈಟಿನವರೆಲ್ಲ ಸೇರಿ ಇಟ್ಟ ಹೆಸರು ಮೇಲ್ಮನೆ. ಏಣಿಗೆ ಇನ್ನೂರ ಎಂಬತ್ತು ಮೆಟ್ಟಿಲು. ಬೆಳಿಗ್ಗೆ ಹತ್ತಿದರೆ ಇಳಿಯುವುದು ಸಂಜೆಗೇ. ಮಧ್ಯಾಹ್ನ ಊಟಕ್ಕೆ ಇಳಿದು ಮತ್ತೆ ಹತ್ತುವುದೆಂದರೆ ಮುಕ್ಕಾಲು ಗಂಟೆಯ ಮಾತು, ಅಷ್ಟು ಹೊತ್ತು ಕೆಳಗೆ ಇಪ್ಪತ್ತು ಜನ ಕೈಕಟ್ಟಿ ಕೂರಬೇಕು. ಹಾಗಾಗಿ ಡಬ್ಬಿಯೂ ಇವರ ಜೊತೆಗೇ ಮೇಲೇರುತ್ತಿತ್ತು. ಒಂದು ಲೋಡು ಇಳಿಸಿ ಇನ್ನೊಂದಕ್ಕೆ ಕೊಕ್ಕೆ ಸಿಗಿಸುವ ನಾಲ್ಕು ನಿಮಿಷದಲ್ಲಿ ಊಟ ಆಗಬೇಕು. ಆಗುತ್ತಿತ್ತು ಕೂಡ. ಅಗಿಯುವುದೆಲ್ಲ ನೆಲದ ಮೇಲೆ ಓಡಾಡುವವರ ಶೋಕಿ ಎಂದು ಇವರ ಗಟ್ಟಿ ನಂಬಿಕೆ. ತುತ್ತು ಗಂಟಲಲ್ಲಿ ನಿಂತರೆ ಮೇಲಿಂದ ಐಸ್ ನೀರು ಸುರಿದು ತಳ್ಳುವುದು. ನಾಲ್ಕು ವರ್ಷದಿಂದ ಇದೇ ಪದ್ಧತಿ.

ಆವತ್ತು ಮಂಗಳವಾರ, ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಮೇಲ್ಮನೆಯವರು ಒಂದು ಇಡೀ ಬೇಯಿಸಿದ ಆಲೂಗಡ್ಡೆಯನ್ನು ಬಾಯಿಗೆ ಹಾಕಿದ್ದರು. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಸೀಟಿಯ ದನಿ ಬಂತು. ಸೀಟಿ ಅಂದರೆ ನೆಲದ ಮೇಲೆ ನಿಂತು ಇವರಿಗೆ ಸನ್ನೆ ಮಾಡುವವನು. ಸದಾ ಕೊರಳಲ್ಲಿ ಸೀಟಿ ನೇತಾಡುತ್ತಿರುತ್ತದೆ, ಅದಕ್ಕೆ ಆ ಹೆಸರು.

"ಅಣ್ಣಾ, ಕೊಕ್ಕೆ ಬಿತ್ತು. ಎತ್ತಣ್ಣ, ಬೇಗ!"

ಮೇಲ್ಮನೆಯವರು ಆಲೂಗಡ್ಡೆಯನ್ನು ಹಾಗೆಹಾಗೇ ನುಂಗಿ, ಮೇಲಿಂದ ಐಸ್ ನೀರು ಸುರಿದು, ಕೈಯನ್ನು ಲಿವರಿನ ಮೇಲಿಟ್ಟರು. ಅಷ್ಟೇ! ಎದೆಯ ನಟ್ಟನಡುವೆ ಯಾರೋ ಸ್ಪ್ಯಾನರ್ ಹಾಕಿ ಬಿಗಿಯಾಗಿ ತಿರುಪಿದಂತಾಯಿತು. ನೋವು ಬೆನ್ನಿಗೆ ಹೋಯಿತು, ದವಡೆಗೆ ಬಂತು. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಮನುಷ್ಯ ಸಾಯುವಾಗಲೂ ಶಿಸ್ತಿನವರು, ಮೊದಲು ಬ್ರೇಕು ಹಾಕಿದರು. ಆಮೇಲೆ ವಾಕಿಟಾಕಿಯ ಮೇಲೆಯೇ ಮುಂದಕ್ಕೆ ಕುಸಿದು ಬಿದ್ದರು. ಅದರ ಗುಂಡಿ ಎದೆಯ ಕೆಳಗೆ ಸಿಕ್ಕಿ ಒತ್ತಿಕೊಂಡೇ ಉಳಿಯಿತು. ಸೈಟಿನ ನಲವತ್ತು ವಾಕಿಟಾಕಿಗಳಲ್ಲಿ ಮೇಲ್ಮನೆಯವರ ಕೊನೆಯ ಅಧಿವೇಶನ ನೇರ ಪ್ರಸಾರವಾಗತೊಡಗಿತು.

"ಅಯ್ಯೋ... ಹೋದೆ ನಾನು... ಹಾರ್ಟು! ಹಾರ್ಟು ಕಣಯ್ಯಾ ಸೀಟಿ! ನನ್ನ ಹೆಂಡತಿಗೆ ಹೇಳು..."

ಸೀಟಿ ಬುದ್ಧಿವಂತ. ತಕ್ಷಣ ಮೊಬೈಲಿನಲ್ಲಿ ಅತ್ತಿಗೆಗೆ ಫೋನು ಹಚ್ಚಿ, ಅದನ್ನು ತನ್ನ ವಾಕಿಟಾಕಿಯ ಬಾಯಿಗೆ ಹಿಡಿದ. ಕೊನೆಯ ಮಾತು ಹೆಂಡತಿಗೆ ತಪ್ಪಬಾರದು ಎಂಬ ಅಂತಃಕರಣ ಅವನದು.

"ಲೇ, ಅಲಮಾರಿಯ ಮೇಲಿರೋ ಪೆಟ್ಟಿಗೆ ಮಾತ್ರ ತೆಗೀಬೇಡ ಕಣೇ... ಸೇಫ್ಟಿ ಸಾಹೇಬ್ರೇ, ಕ್ಷಮಿಸಿಬಿಡಿ... ಕಳೆದುಹೋಯ್ತು ಅಂತ ಮೂರು ಸಲ ಮೆಮೊ ಕೊಟ್ರಲ್ಲ, ನಿಮ್ಮ ಹಳದಿ ಹೆಲ್ಮೆಟ್ಟು, ಅದು ಏಳನೇ ಕಂಬದ ಕಾಂಕ್ರೀಟೊಳಗಿದೆ... ಕೊಕ್ಕೆ ತಾಗಿ ನಾನೇ ಬೀಳಿಸಿದ್ದು... ಭಾವಮೈದುನನ್ನ ನಾನು ಕ್ಷಮಿಸಿದ್ದೀನಿ ಅಂತ ಹೇಳಿ... ಯಾಕೆ ಅಂತ ಅವನಿಗೇ ಗೊತ್ತು!"

ಸೈಟಿನಲ್ಲಿ ಒಂದು ಸುತ್ತಿಗೆಯ ಸದ್ದಿಲ್ಲ. ಎಲ್ಲರೂ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಸುರಕ್ಷತೆಯ ಅಧಿಕಾರಿ, ಅಂದರೆ ಸೇಫ್ಟಿ ಸಾಹೇಬರು ಒಬ್ಬರೇ ತಿರುಗಿ ಏಳನೇ ಕಂಬವನ್ನು ನೋಡುತ್ತಿದ್ದರು.

ಅಷ್ಟು ಎತ್ತರದಿಂದ ಒಬ್ಬ ಮನುಷ್ಯನನ್ನು ಜೋಪಾನವಾಗಿ ಕೆಳಗಿಳಿಸಬಲ್ಲವರು ಆ ಸೈಟಿನಲ್ಲಿ ಇದ್ದದ್ದು ಒಬ್ಬರೇ, ಅವರೇ ಈಗ ಮೇಲೆ ಬಿದ್ದಿದ್ದರು. ಕೊನೆಗೆ ಅಗ್ನಿಶಾಮಕದವರು ನಾಲ್ಕು ಜನ ಬಂದು, ಏದುಸಿರು ಬಿಡುತ್ತ ಏಣಿ ಹತ್ತಿ, ಇವರನ್ನು ಸ್ಟ್ರೆಚರಿಗೆ ಬಿಗಿದು ಒಂದೊಂದೇ ಮೆಟ್ಟಿಲು ಇಳಿಸತೊಡಗಿದರು. ಅರ್ಧ ದಾರಿ ಇಳಿಯುವಷ್ಟರಲ್ಲಿ ನೋವು ಮಂಗಮಾಯ! ಆದರೆ ಬೆವರಿಳಿಸುತ್ತಿರುವ ನಾಲ್ಕು ಜನರಿಗೆ "ನಿಲ್ಸಿ, ನಾನೇ ಇಳಿದು ಬರ್ತೀನಿ" ಅನ್ನುವುದಕ್ಕೆ ಬಾಯಾದರೂ ಹೇಗೆ ಬಂದೀತು? ಮೇಲ್ಮನೆಯವರು ಸಂಸ್ಕಾರವಂತರು. ನೆಲ ಮುಟ್ಟುವವರೆಗೂ ಬಿಡದೆ ನರಳಿದರು.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಇಸಿಜಿ, ರಕ್ತ, ಸ್ಕ್ಯಾನು, ತೊಡೆಯಿಂದ ತಂತಿ ತೂರಿಸಿ ನೋಡುವುದು, ಎಲ್ಲವೂ ಆಯಿತು. ಡಾಕ್ಟರಮ್ಮ ಇವರೊಬ್ಬರನ್ನೇ ಒಳಗೆ ಕರೆದರು.

"ನಿಮ್ಮ ಹೃದಯ ಕುದುರೆ ಇದ್ದ ಹಾಗಿದೆ. ಒಂದು ಚೂರೂ ತೊಂದರೆ ಇಲ್ಲ."

ಮೇಲ್ಮನೆಯವರ ಮುಖ ಇಳಿದುಹೋಯಿತು. "ಸ್ವಲ್ಪವೂ ಇಲ್ವಾ ಡಾಕ್ಟ್ರೇ? ಸರಿಯಾಗಿ ನೋಡಿದ್ರಾ?"

"ಎದೆ ನೋವೆಲ್ಲ ಹೃದಯದ್ದೇ ಆಗಬೇಕಿಲ್ಲ. ಅನ್ನನಾಳದಿಂದಲೂ ಇಂಥದ್ದೇ ನೋವು ಬರುತ್ತೆ. ಅದಕ್ಕೊಂದು ಪರೀಕ್ಷೆ ಇದೆ. ಮುಂದಿನ ಬುಧವಾರ ಬನ್ನಿ."

ಇವರು ಬಾಗಿಲ ಬಳಿ ಬಂದು ನಿಂತರು. ಹೊರಗೆ ಬೆಂಚಿನ ಮೇಲೆ ಹೆಂಡತಿ, ಭಾವಮೈದುನ, ಸೀಟಿ, ಪಕ್ಕದ ಮನೆಯಾಕೆ, ಎಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು. ನಲವತ್ತು ವಾಕಿಟಾಕಿಗಳ ಮುಂದೆ ಅಷ್ಟು ಭರ್ಜರಿಯಾಗಿ ಸತ್ತ ಮನುಷ್ಯ ಈಗ ಹೊರಗೆ ಹೋಗಿ "ಆಲೂಗಡ್ಡೆ ಸಿಕ್ಕಿಹಾಕಿಕೊಂಡಿತ್ತಂತೆ" ಅನ್ನುವುದೇ? ನೀವಾದರೆ ಅನ್ನುತ್ತಿದ್ದಿರಾ? ಇವರು ಗೋಡೆ ಹಿಡಿದು ಹೊರಬಂದು, ಒಂದು ನಿಟ್ಟುಸಿರು ಬಿಟ್ಟು, "ಮುಂದಿನ ಬುಧವಾರ ಮತ್ತೆ ಬರಬೇಕಂತೆ" ಅಂದರು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಕ್ಕದ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಮೇಲಿನ ನಾಲ್ಕು ದಿನ ಮೇಲ್ಮನೆಯವರ ಬಾಳಿನ ಸುವರ್ಣಯುಗ. ಬೆನ್ನಿಗೆ ಮೂರು ದಿಂಬು. ಹೆಂಡತಿ ಕಾಲು ಒತ್ತಿದರು. ಪೆಟ್ಟಿಗೆಯನ್ನು ಆಕೆ ಮಂಗಳವಾರ ಮಧ್ಯಾಹ್ನವೇ ತೆಗೆದು ನೋಡಿಯಾಗಿತ್ತು, ಅದರಲ್ಲಿ ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಏಳು ಬಾಟಲಿಗಳಿದ್ದವು. ಹೃದ್ರೋಗಿಯ ಹತ್ತಿರ ಆ ವಿಷಯ ಎತ್ತುವುದು ಬೇಡ ಎಂದು ಆಕೆ ಹಲ್ಲು ಕಚ್ಚಿ ಸುಮ್ಮನಿದ್ದರು. ಮೇಲಿನ ಮಹಡಿಯವರು ಕುರ್ಚಿ ಎಳೆಯುವುದನ್ನು ಬಿಟ್ಟು ಎತ್ತಿ ಇಡತೊಡಗಿದರು. ಮನೆಗೆ ಬಂದ ಕಿತ್ತಳೆ ಹಣ್ಣನ್ನೆಲ್ಲ ಒಟ್ಟು ಮಾಡಿದ್ದರೆ ಒಂದು ಅಂಗಡಿ ಇಡಬಹುದಿತ್ತು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಭಾವಮೈದುನ. ಅವನಿಗೆ ಎರಡು ವರ್ಷದ ಹಿಂದೆ ನಿಜವಾದ ಬೈಪಾಸ್ ಆಗಿತ್ತು. ಅಂದಿನಿಂದ ಅವನ ಪಾಲಿಗೆ ಲೋಕದಲ್ಲಿ ಎರಡೇ ಜಾತಿ, ಹೃದಯ ತೆರೆಸಿಕೊಂಡವರು ಮತ್ತು ಸಾಮಾನ್ಯರು. ಇದುವರೆಗೆ ಕ್ರೇನಿನ ಜಂಬದಲ್ಲಿ ತನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ಭಾವ ಈಗ ತನ್ನ ಮಠಕ್ಕೆ ಸೇರಲು ಬಂದಂತೆ ಅವನಿಗೆ ಕಂಡಿತು.

"ಭಾವಾ, ಇನ್ನು ನೀವು ನಮ್ಮವರು. ಎಡಗಡೆ ಮಗ್ಗುಲಾಗಬೇಡಿ. ನಗಬೇಡಿ. ಅಳಬೇಡಿ. ಏನೇ ಆದ್ರೂ ನನ್ನನ್ನ ಕೇಳಿ."

ಐದನೇ ದಿನ ಬೆಳಿಗ್ಗೆ ಸೀಟಿ ಬಂದ. ಮೇಲ್ಮನೆಯವರು ಮಂಚದ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಸೀಟಿಯ ಮುಖ ಸಪ್ಪಗಿತ್ತು.

"ಅಣ್ಣಾ, ಕೊನೇ ತುಂಡು ಬಂತು. ಬರೋ ಶುಕ್ರವಾರ ಎತ್ತೋದಂತೆ. ದೊಡ್ಡ ಸಾಹೇಬ್ರು ಬರ್ತಾರೆ, ಪೇಪರಿನವರು ಬರ್ತಾರೆ."

"ಯಾರು ಎತ್ತೋದು?"

ಸೀಟಿ ನೆಲ ನೋಡಿದ. "ಎಡಚ."

ಎಡಚನೆಂದರೆ ರಾತ್ರಿ ಪಾಳಿಯ ಆಪರೇಟರು. ಸಿಮೆಂಟಿನ ಬಕೆಟ್ಟನ್ನು ಒಮ್ಮೆ ಇಂಜಿನಿಯರ ಕಾರಿನ ಮೇಲೇ ಇಳಿಸಿದ್ದ ಪುಣ್ಯಾತ್ಮ.

ಮೇಲ್ಮನೆಯವರ ಎದೆಯೊಳಗೆ ಆಗ ಎದ್ದ ಸಂಕಟಕ್ಕೆ ಯಾವ ಡಾಕ್ಟರ ಬಳಿಯೂ ಯಂತ್ರವಿಲ್ಲ. ನದಿಯ ಎರಡು ದಡದಿಂದಲೂ ಚಾಚಿಕೊಂಡು ಬಂದ ಆ ಸೇತುವೆಗೆ ಇನ್ನೂರ ಹತ್ತು ಉಕ್ಕಿನ ತುಂಡುಗಳನ್ನು ಇವರು ಎತ್ತಿಟ್ಟಿದ್ದರು. ಇನ್ನೂರ ಹನ್ನೊಂದನೆಯದು ನಡುವೆ ಕೂತರೆ ಅದು ಸೇತುವೆ. ಕೂರುವವರೆಗೆ ಬರೀ ಎರಡು ಉದ್ದದ ಕಬ್ಬಿಣ. ನಾಳೆ ಮಗಳ ಮಕ್ಕಳನ್ನು ಬಸ್ಸಿನ ಕಿಟಕಿಯಲ್ಲಿ ಕೂರಿಸಿಕೊಂಡು ಹೋಗುವಾಗ, ಸರಿಯಾಗಿ ಆ ಜಾಗದಲ್ಲಿ "ಇದನ್ನ ಇಟ್ಟಿದ್ದು ನಾನು" ಅನ್ನಬೇಕೆಂದು ನಾಲ್ಕು ವರ್ಷದಿಂದ ಮಾತನ್ನು ಸಿದ್ಧ ಮಾಡಿಟ್ಟುಕೊಂಡಿದ್ದ ಜೀವ ಅದು. ಅಲ್ಲಿ ಎಡಚನ ಹೆಸರು ಹೇಳಬೇಕೇ?

ಮೂರು ದಿಂಬುಗಳೂ ಮೂರು ದಿಕ್ಕಿಗೆ ಹಾರಿದವು. "ಆಗೋದಿಲ್ಲ! ನನ್ನ ಹೃದಯಕ್ಕೆ ಏನೂ ಆಗಿಲ್ಲ! ಡಾಕ್ಟ್ರೇ ಹೇಳಿದ್ದಾರೆ, ಕುದುರೆ ಇದ್ದ ಹಾಗಿದೆ ಅಂತ! ಇದು ಅನ್ನನಾಳ, ಅನ್ನನಾಳ!"

ಹೆಂಡತಿ ಅಡುಗೆಮನೆಯಿಂದ ಓಡಿಬಂದರು. ಭಾವಮೈದುನ ಇವರ ಎರಡೂ ಭುಜ ಹಿಡಿದು, ಎಲ್ಲ ಬಲ್ಲವನಂತೆ ತಲೆಯಾಡಿಸಿದ.

"ಅಕ್ಕಾ, ಹೆದರಬೇಡ. ನಾನೂ ಹೀಗೇ ಕೂಗಾಡಿದ್ದೆ. ನನಗೇನೂ ಆಗಿಲ್ಲ ಅನ್ನೋದೇ ಈ ಕಾಯಿಲೆಯ ಮೊದಲ ಲಕ್ಷಣ."

"ಏನೂ ಆಗಿಲ್ಲ ಕಣೋ ಮಾರಾಯಾ!" ಎಂದು ಕೂಗುವ ಭರದಲ್ಲಿ ಮೇಲ್ಮನೆಯವರು ಬಾಯಲ್ಲಿದ್ದ ಬ್ರೆಡ್ಡನ್ನು ಗುಳುಂ ಮಾಡಿದರು. ಮರುಕ್ಷಣವೇ ಎದೆ ಹಿಡಿದುಕೊಂಡು ಕುಸಿದರು. ಬಂದೇಬಿಟ್ಟಿತು, ಅದೇ ಸ್ಪ್ಯಾನರು!

ಭಾವಮೈದುನ ಕಿಸೆಯಿಂದ ತನ್ನ ಮಾತ್ರೆ ತೆಗೆದು ಇವರ ನಾಲಗೆಯ ಕೆಳಗೆ ತುರುಕಿದ. ಎಲ್ಲರೂ ಉಸಿರು ಹಿಡಿದು ನಿಂತರು. ಒಂದು ನಿಮಿಷ, ಎರಡು ನಿಮಿಷ. ಐದನೇ ನಿಮಿಷಕ್ಕೆ ನೋವು ಕರಗಿತು.

"ನೋಡಿದ್ರಾ? ನೋಡಿದ್ರಾ?" ಭಾವಮೈದುನ ಕುಣಿಯುವುದೊಂದು ಬಾಕಿ. "ಇದು ಹಾರ್ಟಿನ ಮಾತ್ರೆ. ಹಾರ್ಟಲ್ಲದಿದ್ರೆ ಇದಕ್ಕೆ ಕೇಳ್ತಿತ್ತಾ? ಇನ್ನೇನು ಸಾಕ್ಷಿ ಬೇಕು?"

ಸಂಜೆಯೊಳಗೆ ಸುದ್ದಿ ಎರಡನೇ ಹಾರ್ಟ್ ಅಟ್ಯಾಕ್ ಎಂದು ಬೀದಿ ತುಂಬಿತು. ಪಕ್ಕದ ಮನೆಯಾಕೆ ಈ ಸಲ ಹಣ್ಣು ತರಲಿಲ್ಲ, ಹೂವು ತಂದರು. "ಪಾಪ, ಹೆಂಡತಿ ಧೈರ್ಯಗೆಡಬಾರದು ಅಂತ ಗಂಟಲಿನ ಕಾಯಿಲೆ ಅಂತಿದ್ದಾರಂತೆ, ಎಂಥ ದೊಡ್ಡ ಮನಸ್ಸು" ಎಂದು ಬಾಗಿಲಲ್ಲೇ ಕಣ್ಣೊರೆಸಿಕೊಂಡರು. ಸತ್ಯ ಹೇಳಿದಷ್ಟೂ ಇವರ ಕೀರ್ತಿ ಬೆಳೆಯುತ್ತ ಹೋಯಿತು!

ಬುಧವಾರ ಬಂತು. ಹೆಂಡತಿಯೂ ಜೊತೆಗೇ ಪರೀಕ್ಷೆಯ ಕೋಣೆಗೆ ನುಗ್ಗಿದರು. ಮೂಗಿನಿಂದ ದಾರದಂಥ ಒಂದು ಸಣ್ಣ ನಳಿಕೆಯನ್ನು ಹೊಟ್ಟೆಯವರೆಗೂ ಇಳಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿದರು. ಪ್ರತಿ ಗುಟುಕಿಗೂ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಎದ್ದಿತು. ಡಾಕ್ಟರಮ್ಮನ ಕಣ್ಣು ಅರಳಿತು.

"ಸಿಕ್ಕಿಬಿತ್ತು! ನೋಡಿ, ಅನ್ನನಾಳ ತುತ್ತನ್ನ ಮೇಲಿಂದ ಕೆಳಕ್ಕೆ ಹಂತಹಂತವಾಗಿ ಹಿಸುಕುತ್ತಾ ತಳ್ಳಬೇಕು. ನಿಮ್ಮದು ಮೇಲೆ, ನಡುವೆ, ಕೆಳಗೆ, ಎಲ್ಲಾ ಕಡೆ ಒಟ್ಟಿಗೇ ಹಿಡಿದುಕೊಳ್ಳುತ್ತೆ. ತುತ್ತು ಅತ್ತ ಹೋಗಲ್ಲ, ಇತ್ತ ಬರಲ್ಲ. ಆವಾಗ ಬರೋ ನೋವು ಹಾರ್ಟಿನ ನೋವಿನ ಹಾಗೇ ಇರುತ್ತೆ."

ಮೂಗಿನ ನಳಿಕೆ ತೆಗೆದ ಕೂಡಲೇ ಮೇಲ್ಮನೆಯವರು ಎದ್ದು ಕೂತರು. "ಗೊತ್ತಾಯ್ತು ಡಾಕ್ಟ್ರೇ! ಸನ್ನೆ ಮಾಡೋವ್ನಿಲ್ದೆ ಹತ್ತು ಜನ ಒಂದೇ ಸಲ ಹಗ್ಗ ಎಳೆದ ಹಾಗೆ!"

"ಸರಿಯಾಗಿ ಹೇಳಿದ್ರಿ."

"ಮತ್ತೆ ನಮ್ಮ ತಮ್ಮನ ಮಾತ್ರೆಗೆ ಹೇಗೆ ಕಡಿಮೆ ಆಯ್ತು?" ಎಂದು ಹೆಂಡತಿ ಕೇಳಿದರು.

"ಆ ಮಾತ್ರೆ ಬಿಗಿಹಿಡಿದಿದ್ದನ್ನ ಸಡಿಲ ಮಾಡುತ್ತೆ. ಹಾರ್ಟಿಗೂ ಆಗುತ್ತೆ, ಇದಕ್ಕೂ ಆಗುತ್ತೆ. ಹಾಗಂತ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬಾರದು, ಹೇಳಿ ಅವರಿಗೆ. ಇವರು ಆತುರಾತುರವಾಗಿ ತಿನ್ನಬಾರದು, ಚೆನ್ನಾಗಿ ಅಗಿಯಬೇಕು, ಐಸ್ ನೀರು ಮುಟ್ಟಬಾರದು. ಮಾತ್ರೆ ಬರೆದುಕೊಡ್ತೀನಿ. ಹೃದಯ ಚೆನ್ನಾಗಿದೆ ಅಂತ ನಾನು ಅವತ್ತೇ ಇವರಿಗೆ ಹೇಳಿದ್ದೆನಲ್ಲ?"

ಮೇಲ್ಮನೆಯವರು ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಹಾಕತೊಡಗಿದರು.

"ಅವತ್ತೇ ಹೇಳಿದ್ರಾ?" ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದರು. "ರೀ, ಐದು ದಿನ ನಾನು ನಿಮ್ಮ ಕಾಲು ಒತ್ತಿದ್ದೀನಿ."

"ಚೆನ್ನಾಗಿ ಒತ್ತಿದೆ ಕಣೇ..."

"ಎಂಟು ದಿನ ನಾನು ಸರಿಯಾಗಿ ಕಣ್ಣು ಮುಚ್ಚಿಲ್ಲ!" ಆಕೆಯ ದನಿ ಒಡೆಯಿತು. "ಸತ್ತೇ ಹೋದ್ರು ಅಂದ್ಕೊಂಡಿದ್ದೆ ಕಣ್ರೀ ಫೋನಲ್ಲಿ! ಮನೆಗೆ ನಡೀರಿ, ಆ ಏಳು ಬಾಟಲಿಯ ವಿಷಯಾನೂ ಸೇರಿಸಿ ಮಾತಾಡೋಣ."

ಮೇಲ್ಮನೆಯವರು ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ, "ತಪ್ಪಾಯ್ತು. ಏನು ಬೇಕಾದ್ರೂ ಅನ್ನು. ಆದ್ರೆ ಆ ಕೊನೇ ತುಂಡು ನಾನೇ ಇಡಬೇಕು ಕಣೇ. ಅದೊಂದು ಕೈತಪ್ಪಿದ್ರೆ ನನಗೆ ನಿಜವಾಗ್ಲೂ ಎದೆ ಒಡೆಯುತ್ತೆ" ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಒಮ್ಮೆಯೂ ಹೀಗೆ ಬೇಡಿದ್ದು ಆಕೆಗೆ ನೆನಪಿರಲಿಲ್ಲ. ಆಕೆ ಕಣ್ಣೊರೆಸಿಕೊಂಡು, ಡಾಕ್ಟರಮ್ಮನ ಕೈಯಿಂದ ಪರೀಕ್ಷೆಯ ವರದಿ ಬರೆದ ಪತ್ರವನ್ನು ಕಿತ್ತುಕೊಂಡಂತೆ ಇಸಿದುಕೊಂಡು, ನೇರ ಸೈಟಿಗೆ ಹೊರಟರು. ಇವರು ಹಿಂದೆ ಹಿಂದೆ ಓಡಿದರು.

ಸೇಫ್ಟಿ ಸಾಹೇಬರು ಪತ್ರವನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಫಾರಂ ತೆಗೆದು ಮೇಜಿನ ಮೇಲಿಟ್ಟರು.

"ಇಲ್ನೋಡಿ. ಕಣ್ಣು, ಕಿವಿ, ಬಿಪಿ, ಸಕ್ಕರೆ, ಹೃದಯ. ಅನ್ನನಾಳ ಎಲ್ಲಿದೆ? ಕಾಲಂ ಇಲ್ಲ. ಕಾಲಮ್ಮೇ ಇಲ್ಲದ ಕಾಯಿಲೆಯವರನ್ನ ನಾನು ಎಪ್ಪತ್ತು ಮೀಟರ್ ಮೇಲಕ್ಕೆ ಹೇಗೆ ಕಳಿಸಲಿ?"

"ಸಾರ್, ಹೃದಯ ಸರಿ ಇದೆ ಅಂತ ಬರೆದಿದ್ದಾರಲ್ಲ!"

"ಅದು ನೋವಿಲ್ಲದಾಗಿನ ಮಾತು. ನೋವು ಬಂದಾಗ ನಿಮ್ಮ ಹೃದಯ ಏನು ಮಾಡ್ತಾ ಇರುತ್ತೆ? ಅದನ್ನ ನನಗೆ ಕಾಗದದ ಮೇಲೆ ತೋರಿಸಿ, ರುಜು ಹಾಕ್ತೀನಿ. ಮನುಷ್ಯನ ಮಾತು ನಂಬೋದನ್ನ ನಾನು ಬಿಟ್ಟಿದ್ದೀನಿ." ಅವರ ದೃಷ್ಟಿ ಕಿಟಕಿಯಾಚೆ ಏಳನೇ ಕಂಬದ ಕಡೆಗೆ ಹೋಯಿತು.

"ತೋರಿಸ್ತೀನಿ!" ಮೇಲ್ಮನೆಯವರು ಮೇಜು ಗುದ್ದಿದರು. "ನಾಳೆ ಹನ್ನೊಂದು ಗಂಟೆಗೆ, ನಿಮ್ಮ ಕಣ್ಣೆದುರಿಗೇ ನೋವು ತರಿಸಿಕೊಳ್ತೀನಿ!"

ಗುರುವಾರ ಹನ್ನೊಂದು ಗಂಟೆ. ಕಂಪನಿಯ ದವಾಖಾನೆ ಕಿಕ್ಕಿರಿದಿತ್ತು. ಕೊಂಡ ದಿನದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದ ಇಸಿಜಿ ಯಂತ್ರವನ್ನು ಕಂಪನಿ ಡಾಕ್ಟರು ಮದುಮಗಳ ಮುಸುಕು ತೆಗೆದಂತೆ ತೆಗೆದರು. ಮೇಲ್ಮನೆಯವರ ಬರಿಮೈಗೆ ತಂತಿಗಳನ್ನು ಅಂಟಿಸಿದರು. ಮುಂದಿನ ಮೇಜಿನ ಮೇಲೆ ಒಂದು ಇಡೀ ಬ್ರೆಡ್ಡು, ಆರು ಮೊಟ್ಟೆ, ಆರು ಆಲೂಗಡ್ಡೆ, ಐಸ್ ನೀರಿನ ಜಗ್ಗು. ಭಾವಮೈದುನ ಮಾತ್ರೆಯ ಡಬ್ಬಿ ತೆರೆದು ಹಿಡಿದು ನಿಂತಿದ್ದ. ಸೇಫ್ಟಿ ಸಾಹೇಬರು ವಾಚು ನೋಡಿ, "ಶುರು ಮಾಡಿ" ಅಂದರು.

ಮೇಲ್ಮನೆಯವರು ಒಂದು ಮೊಟ್ಟೆ ತಿಂದರು. ಎಲ್ಲರೂ ಮುಂದಕ್ಕೆ ಬಾಗಿದರು. ಏನೂ ಆಗಲಿಲ್ಲ. ಎರಡು ತುಂಡು ಬ್ರೆಡ್ಡು. ಏನೂ ಇಲ್ಲ. ಆಲೂಗಡ್ಡೆ, ನೀರು, ಮತ್ತೆ ಮೊಟ್ಟೆ. ಯಂತ್ರ ಟಿಕ್ ಟಿಕ್ ಎಂದು ಕಾಗದ ಉಗುಳುತ್ತಲೇ ಇತ್ತು.

"ಬರುತ್ತೆ ಸಾರ್, ಬಂದೇ ಬರುತ್ತೆ" ಎಂದು ಇವರು, ಭಾಷಣಕ್ಕೆ ಬರಬೇಕಾದ ಅತಿಥಿ ತಡಮಾಡಿದಾಗ ಸಂಘದ ಕಾರ್ಯದರ್ಶಿ ಸಮಾಧಾನ ಹೇಳುವಂತೆ ಹೇಳಿದರು. ಬೇಡವೆಂದಾಗ ಬೆನ್ನುಹತ್ತಿ ಬರುತ್ತಿದ್ದ ಆ ಹಾಳು ನೋವು, ಬಾ ಎಂದು ಕೈಮುಗಿದು ಕರೆದರೆ ಪತ್ತೆಯಿಲ್ಲ! ನಾಲ್ಕನೇ ಮೊಟ್ಟೆಯ ಹೊತ್ತಿಗೆ ಕಂಪನಿ ಡಾಕ್ಟರು ಆಕಳಿಸಿದರು. ಸೀಟಿ ಉಗುರು ಕಚ್ಚಿದ. ಸೇಫ್ಟಿ ಸಾಹೇಬರು ಫೈಲು ಮುಚ್ಚಿ ಎದ್ದರು.

"ಸಾಕು. ನಾಳೆ ಎಡಚನೇ ಎತ್ತಲಿ."

ಮೇಲ್ಮನೆಯವರ ಕಣ್ಣಲ್ಲಿ ನೀರು ತುಂಬಿತು. ಬಾಯಲ್ಲಿ ಐದನೇ ಮೊಟ್ಟೆ ಇತ್ತು.

"ಸ್ವಲ್ಪ ನಿಲ್ಲಿ ಸಾರ್" ಎಂದು ಹೆಂಡತಿ ಮುಂದೆ ಬಂದರು. ಇಷ್ಟು ಹೊತ್ತು ಆಕೆ ಮೂಲೆಯಲ್ಲಿ ನಿಂತು ಗಂಡನ ಬಾಯನ್ನೇ ನೋಡುತ್ತಿದ್ದರು. "ಇವರು ಊಟ ಮಾಡೋದು ಹೀಗಲ್ಲ. ನೋಡಿ, ಹೊಸ ಅಳಿಯನ ಹಾಗೆ ಕೂತು ಅಗೀತಾ ಇದ್ದಾರೆ! ನೀವೆಲ್ಲ ನೋಡ್ತೀರಿ ಅಂತ ಮರ್ಯಾದೆಯಾಗಿ ತಿಂತಾ ಇದ್ದಾರೆ. ಹೀಗೆ ತಿಂದ್ರೆ ನೋವು ಎಲ್ಲಿಂದ ಬರಬೇಕು?"

ಆಕೆ ಒಂದು ದೊಡ್ಡ ಆಲೂಗಡ್ಡೆಯನ್ನು ಗಂಡನ ಬಾಯಿಗೆ ತುರುಕಿ, ಎರಡು ಹೆಜ್ಜೆ ಹಿಂದೆ ಸರಿದು, ಇಡೀ ದವಾಖಾನೆ ನಡುಗುವಂತೆ ಕೂಗಿದರು.

"ರೀ! ಕೊಕ್ಕೆ ಬಿತ್ತು! ಎತ್ರೀ! ಇಪ್ಪತ್ತು ಜನ ಕಾಯ್ತಾ ಇದ್ದಾರೆ, ಮಳೆ ಬರ್ತಾ ಇದೆ, ಲೋಡು ವಾಲ್ತಾ ಇದೆ, ಎತ್ತೀ ಎತ್ತೀ ಎತ್ತೀ!"

ನಾಲ್ಕು ವರ್ಷದ ಅಭ್ಯಾಸ. ಮೇಲ್ಮನೆಯವರ ಎರಡೂ ಕೈ ಗಾಳಿಯಲ್ಲೇ ಲಿವರು ಹುಡುಕಿದವು, ಆಲೂಗಡ್ಡೆ ಒಂದೇ ಗುಕ್ಕಿಗೆ ಒಳಗೆ ಹೋಯಿತು, ಹಿಂದೆಯೇ ಅರ್ಧ ಜಗ್ಗು ಐಸ್ ನೀರು ಹೋಯಿತು. ಅವರ ಮುಖ ನಿಧಾನವಾಗಿ ಕೆಂಪಗಾಯಿತು. ಹಣೆಯಲ್ಲಿ ಬೆವರೊಡೆಯಿತು. ಕೈ ಎದೆಗೆ ಹೋಯಿತು.

"ಬಂತು!" ಎಂದು ಮೇಲ್ಮನೆಯವರು ಕಿರುಚಿದರು. "ಅಯ್ಯಯ್ಯೋ... ಬಂತು! ಸಾರ್, ಬಂತು! ಅಮ್ಮಾ... ಎಷ್ಟು ಚೆನ್ನಾಗಿ ಬಂತು! ಸಾಯ್ತೀನಿ... ಕಾಗದ ನೋಡಿ ಸಾರ್, ಕಾಗದ!"

ಎಲ್ಲರೂ ಯಂತ್ರದ ಮೇಲೆ ಮುಗಿಬಿದ್ದರು. ಕಂಪನಿ ಡಾಕ್ಟರು ಕನ್ನಡಕ ಏರಿಸಿ ಮೊಳಗಟ್ಟಲೆ ಕಾಗದವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬಡಿತ ಸ್ವಲ್ಪ ಜೋರಾಗಿತ್ತು, ಅಷ್ಟೇ. ಉಳಿದಂತೆ ಗೆರೆ ಮೊದಲು ಹೇಗಿತ್ತೋ ಈಗಲೂ ಹಾಗೆಯೇ ಏರಿ ಇಳಿಯುತ್ತಿತ್ತು.

"ಹೃದಯಕ್ಕೆ ಈ ಗಲಾಟೆ ಗೊತ್ತೇ ಇಲ್ಲ! ನನ್ನ ಇಸಿಜಿಗಿಂತ ಚೆನ್ನಾಗಿದೆ ಕಣ್ರೀ ಇದು" ಅಂದರು ಡಾಕ್ಟರು.

ಸೀಟಿ ಕೊರಳಿನ ಸೀಟಿ ಊದೇ ಊದಿದ. ಜನ ಚಪ್ಪಾಳೆ ತಟ್ಟಿದರು. ಮೇಲ್ಮನೆಯವರು ನೋವಿನಿಂದ ಹೊರಳಾಡುತ್ತ, ಎಲ್ಲರಿಗೂ ಕೈಮುಗಿಯುತ್ತ, ನಗುತ್ತ, ಅಳುತ್ತ ಕೂತಿದ್ದರು. ಭಾವಮೈದುನ ಒಬ್ಬನೇ ಮಾತ್ರೆಯ ಡಬ್ಬಿ ಮುಚ್ಚಿ, "ಹಾಗಾದ್ರೆ ಭಾವ ನಮ್ಮವರಲ್ವಾ?" ಎಂದು ಮುಖ ಸಣ್ಣದು ಮಾಡಿಕೊಂಡ.

ಸೇಫ್ಟಿ ಸಾಹೇಬರು ಮಾತಿಗೆ ತಪ್ಪುವವರಲ್ಲ. ಸ್ಕೇಲು ಇಟ್ಟು, ಫಾರಮ್ಮಿನಲ್ಲಿ ಹೊಸದಾಗಿ ಒಂದು ಕಾಲಂ ಎಳೆದು, "ಅನ್ನನಾಳ: ಇದೆ" ಎಂದು ಬರೆದರು. ಕೆಳಗೆ ಷರತ್ತು ಹಾಕಿದರು. ಒಂದರಿಂದ ಒಂದೂವರೆಯವರೆಗೆ ಕ್ರೇನ್ ನಿಲ್ಲತಕ್ಕದ್ದು, ಆಪರೇಟರು ಕುಳಿತು ಅಗಿದು ಉಣ್ಣತಕ್ಕದ್ದು, ಯಾರೇ ಕರೆದರೂ ಏಳತಕ್ಕದ್ದಲ್ಲ. ಆಮೇಲೆ ರುಜು ಹಾಕಿದರು.

ಶುಕ್ರವಾರ ನದಿಯ ಎರಡೂ ದಡದಲ್ಲಿ ಜನವೋ ಜನ. ದೊಡ್ಡ ಸಾಹೇಬರ ಭಾಷಣ ಮುಗಿಯುವಷ್ಟರಲ್ಲಿ ಹನ್ನೆರಡೂ ಕಾಲು. ಆಮೇಲೆ ಸೀಟಿ ಕೈಯೆತ್ತಿದ. ಇನ್ನೂರ ಹನ್ನೊಂದನೇ ತುಂಡು ನೆಲ ಬಿಟ್ಟಿತು. ಹದಿನೆಂಟು ಟನ್ ಉಕ್ಕು, ಸರಿಯಾದ ಜಾಗಕ್ಕೆ ಎರಡೂ ಕಡೆ ಎರಡೆರಡು ಬೆರಳಿನಷ್ಟೇ ಸಂದು. ನದಿಯ ಮೇಲೆ ಗಾಳಿ ಎದ್ದಿತು, ತುಂಡು ಒಮ್ಮೆ ಮೂತಿ ತಿರುಗಿಸಿತು, ಕೆಳಗಿದ್ದವರೆಲ್ಲ "ಅಯ್ಯೋ" ಅಂದರು. ಹೆಂಡತಿ ಯಾರದೋ ದೊಗಳೆ ಹೆಲ್ಮೆಟ್ ಹಾಕಿಕೊಂಡು ಸೀಟಿಯ ಪಕ್ಕದಲ್ಲೇ ನಿಂತಿದ್ದರು, ಎರಡೂ ಮುಷ್ಟಿ ಬಿಗಿದಿತ್ತು. ಮೇಲ್ಮನೆಯವರು ಕಾದರು. ತುಂಡು ತಾನಾಗಿ ಶಾಂತವಾಗುವವರೆಗೆ ಕಾದು, ಒಂದು ಗೇಣು ಇಳಿಸಿದರು, ಇನ್ನೊಂದು ಗೇಣು ಇಳಿಸಿದರು.

"ಬಲಕ್ಕೆ ಒಂದು ಕೂದಲೆಳೆ ಅಣ್ಣಾ... ಇಳಿಸು... ಇಳಿಸು... ಕೂತಿತು! ಅಣ್ಣಾ, ಕೂತಿತು!"

ಇಳಿದ ಸದ್ದೂ ಕೇಳಲಿಲ್ಲ, ಅಷ್ಟು ನಯವಾಗಿ ಕೂತಿತ್ತು. ನದಿಗೆ ಸೇತುವೆಯಾಯಿತು! ಎರಡು ದಡದ ಜನರೂ ಹೋ ಎಂದು ಕೂಗಿ ಹೆಲ್ಮೆಟ್ಟು ಹಾರಿಸಿದರು. ದೊಡ್ಡ ಸಾಹೇಬರು ಸೀಟಿಯ ವಾಕಿಟಾಕಿ ತೆಗೆದುಕೊಂಡು, "ಶಭಾಷ್! ಕೆಳಗೆ ಬನ್ನಿ, ನನ್ನ ಜೊತೆ ಫೋಟೋ ತೆಗೆಸಿಕೊಳ್ಳಿ, ಪೇಪರಿನವರು ಕಾಯ್ತಾ ಇದ್ದಾರೆ" ಅಂದರು.

ಸೇಫ್ಟಿ ಸಾಹೇಬರು ವಾಚು ನೋಡಿಕೊಂಡು ಕೆಮ್ಮಿದರು. "ಆಗಲ್ಲ ಸಾರ್. ಒಂದು ಗಂಟೆ ಹೊಡೀತು. ಅವರೀಗ ಅಗೀಬೇಕು, ಷರತ್ತು ಇದೆ."

ಹೀಗೆ ದೊಡ್ಡ ಸಾಹೇಬರು, ಪೇಪರಿನವರು, ಎರಡು ದಡದ ಜನ, ಎಲ್ಲ ಬಿಸಿಲಲ್ಲಿ ಕತ್ತೆತ್ತಿ ನಿಂತರು. ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ಮೇಲ್ಮನೆಯವರು ಕಾಲು ಚಾಚಿ, ಡಬ್ಬಿ ತೆರೆದು, ಆಲೂಗಡ್ಡೆಯನ್ನು ಸಣ್ಣಗೆ ಮುರಿದು ಬಾಯಿಗಿಟ್ಟು, ತಾವು ಕೂರಿಸಿದ ತುಂಡನ್ನೇ ನೋಡುತ್ತ ಅಗಿಯತೊಡಗಿದರು. ಹತ್ತು ಸಲ ಅಗಿದರು, ಹದಿನೈದು ಸಲ ಅಗಿದರು. ಇಪ್ಪತ್ತನೇ ಸಲಕ್ಕೆ ಅವರ ಹುಬ್ಬು ಗಂಟಾಯಿತು. ವಾಕಿಟಾಕಿ ಎತ್ತಿಕೊಂಡರು.

"ಲೇ, ಇವತ್ತು ಆಲೂಗಡ್ಡೆಗೆ ಉಪ್ಪು ಕಡಿಮೆ ಹಾಕಿದ್ದೀಯಲ್ಲ?"

ಹೆಂಡತಿ ದೊಡ್ಡ ಸಾಹೇಬರ ಕೈಯಿಂದ ವಾಕಿಟಾಕಿ ಇಸಿದುಕೊಂಡರು.

"ನಾಲ್ಕು ವರ್ಷದಿಂದ ಅಷ್ಟೇ ಹಾಕ್ತಾ ಇದ್ದೀನಿ ಕಣ್ರೀ. ಇವತ್ತು ನಾಲಗೆಗೆ ಗೊತ್ತಾಯ್ತಾ?"

ನಲವತ್ತು ವಾಕಿಟಾಕಿಗಳೂ ಉತ್ತರಕ್ಕೆ ಕಾದವು. ಮೇಲ್ಮನೆಯವರ ಬಾಯಿ ತುಂಬ ಆಲೂಗಡ್ಡೆ ಇತ್ತು, ಅಗಿಯುವುದು ಇನ್ನೂ ಮುಗಿದಿರಲಿಲ್ಲ.